ಗೋಡೆಯೊಳಗೆ ಯಾವ ಫೈಬರ್?

ಹೊಸ ಮನೆಗೆ ಟೈಲ್ಸ್ ಆರಿಸೋಕೆ ನಾಲ್ಕು ಅಂಗಡಿ ಸುತ್ತುತ್ತೇವೆ. ಗೋಡೆಯೊಳಗೆ ಹೋಗುವ ಇಂಟರ್ನೆಟ್ ಕೇಬಲ್ ಮಾತ್ರ ಎಲೆಕ್ಟ್ರಿಷಿಯನ್ ತಂದದ್ದೇ ಪ್ರಸಾದ! ಪ್ಲಾಸ್ಟರಿಂಗ್ ಮುಗಿದ ಮೇಲೆ ಅದನ್ನು ಬದಲಿಸೋದು ಅಂದ್ರೆ ಗೋಡೆ ಒಡೆಯೋದು. ಹಾಗಾಗಿ ಈ ಸಲ ಫೈಬರ್ ಆಯ್ಕೆಯ ಬಗ್ಗೆ.

ಫೈಬರ್‌ನಲ್ಲಿ ಮುಖ್ಯವಾಗಿ ಎರಡು ಬಗೆ: ಸಿಂಗಲ್ ಮೋಡ್, ಮಲ್ಟಿಮೋಡ್. ಬೆಳಕು ಹರಿಯುವ ಗಾಜಿನ ತಿರುಳು ಮೊದಲನೆಯದರಲ್ಲಿ ಸುಮಾರು 9 ಮೈಕ್ರಾನ್, ಈಗಿನ ಮಲ್ಟಿಮೋಡ್‌ನಲ್ಲಿ 50. ದಪ್ಪ ಇದ್ದರೆ ವೇಗ ಜಾಸ್ತಿ ಅಂತ ನೀರಿನ ಪೈಪಿನ ಲೆಕ್ಕ ಹಾಕಬೇಡಿ. ಇಲ್ಲಿ ಉಲ್ಟಾ. ಅಗಲವಾದ ತಿರುಳಿನಲ್ಲಿ ಬೆಳಕು ಹಲವು ಹಾದಿ ಹಿಡಿಯುತ್ತೆ, ಒಂದೇ ಸಿಗ್ನಲ್ ಹಿಂದೆ ಮುಂದೆ ತಲುಪಿ ಕಲಸುಮೇಲೋಗರ ಆಗುತ್ತೆ. 10 ಗಿಗಾಬಿಟ್ ವೇಗದಲ್ಲಿ ಓಎಂ3 ಮಲ್ಟಿಮೋಡ್ 300 ಮೀಟರ್, ಓಎಂ4 ಆದರೆ 400 ಮೀಟರ್ ತನಕ. ಸಿಂಗಲ್ ಮೋಡ್ 10 ಕಿಲೋಮೀಟರ್ ಆರಾಮಾಗಿ ಹೋಗುತ್ತೆ.

ಹಾಗಾದ್ರೆ ಮಲ್ಟಿಮೋಡ್ ಯಾಕೆ ಬೇಕು? ಅಗಲ ತಿರುಳಿಗೆ ಬೆಳಕು ತುಂಬೋದು ಸುಲಭ, ಅಗ್ಗದ ಲೇಸರ್ ಸಾಕು. ಡೇಟಾ ಸೆಂಟರ್‌ನಲ್ಲಿ ರ್‍ಯಾಕ್‌ನಿಂದ ರ್‍ಯಾಕ್‌ಗೆ ಅದು ಸರಿಯಾದ ಲೆಕ್ಕ. ಆದರೆ ಮನೆಗೆ ಬರುವ ಬ್ರಾಡ್‌ಬ್ಯಾಂಡ್ ಫೈಬರ್ ಸಿಂಗಲ್ ಮೋಡ್. ಗೋಡೆಯಲ್ಲಿ ಮಲ್ಟಿಮೋಡ್ ಹೂತಿಟ್ಟರೆ ಆ ಲೈನನ್ನು ಅದಕ್ಕೆ ಜೋಡಿಸೋಕೆ ಆಗಲ್ಲ. ಮನೆಗೆ ಸಿಂಗಲ್ ಮೋಡೇ ಸರಿ.

ಅದರಲ್ಲೂ ಹೊದಿಕೆ ಮೇಲಿನ ಬರಹ ಓದಿ. ಜಿ.657.ಎ2 ಅಂತಿದ್ದರೆ ಒಳ್ಳೆಯದು. ಹಳೆಯ ಜಿ.652 ಫೈಬರ್ ಮೂಲೆಯಲ್ಲಿ ಬಿಗಿಯಾಗಿ ಬಾಗಿದರೆ ಬೆಳಕು ಸೋರುತ್ತೆ. ಎ2 ಬಗೆಯದು 7.5 ಮಿಲಿಮೀಟರ್ ತ್ರಿಜ್ಯದ ತಿರುವನ್ನೂ ತಡೆದುಕೊಳ್ಳುತ್ತೆ. ತುದಿಯ ಕನೆಕ್ಟರ್ ಬಣ್ಣವನ್ನೂ ನೋಡಿ. ಹಸಿರಿನ ತುದಿ ಓರೆಯಾಗಿ ಉಜ್ಜಿದ್ದು, ನೀಲಿಯದು ಹಾಗಲ್ಲ. ಹಸಿರಿಗೆ ಹಸಿರು, ನೀಲಿಗೆ ನೀಲಿ. ಬೆರೆಸಿದರೆ ಸಿಗ್ನಲ್ ಬೀಳುತ್ತೆ.

ಹಾಗಂತ ಎಲ್ಲ ರೂಮಿಗೂ ಫೈಬರ್ ಬೇಡ. ಬಾಗಿಲಿನಿಂದ ರೌಟರ್ ತನಕ ಫೈಬರ್, ಅಲ್ಲಿಂದ ರೂಮುಗಳಿಗೆ ಕ್ಯಾಟ್6 ತಾಮ್ರದ ಕೇಬಲ್. ಕ್ಯಾಮೆರಾಕ್ಕೆ, ವೈಫೈ ಬಾಕ್ಸಿಗೆ ಅದರಲ್ಲೇ ಕರೆಂಟೂ ಕಳಿಸಬಹುದು. ಗಾಜಿನಲ್ಲಿ ಅದು ಆಗಲ್ಲ.

ಇನ್ನೊಂದು ಮಾತು. ಫೈಬರ್ ತುದಿಯನ್ನು ಕಣ್ಣಿಗೆ ಹಿಡಿದು ನೋಡಬೇಡಿ, ಮಕ್ಕಳ ಕೈಗೂ ಕೊಡಬೇಡಿ. ಒಳಗಿನ ಲೇಸರ್ ಬೆಳಕು ಕಣ್ಣಿಗೆ ಕಾಣಲ್ಲ, ಹಾನಿ ಮಾತ್ರ ಮಾಡಬಹುದು.

ಕೇಬಲನ್ನು ನೇರವಾಗಿ ಗೋಡೆಗೆ ಹೂಳದೆ ಪೈಪಿನೊಳಗೆ ಹಾಕಿಸಿ. ಜೊತೆಗೆ ಎಳೆಯೋಕೆ ಒಂದು ಖಾಲಿ ದಾರ ಬಿಡಿಸಿ, ಪ್ಲಾಸ್ಟರಿಂಗ್‌ಗೆ ಮುಂಚೆ ಫೋನಿನಲ್ಲಿ ಫೋಟೋ ತೆಗೆದಿಡಿ. ನಾಳೆ ಕೇಬಲ್ ಬದಲಾದರೂ ಗೋಡೆ ಉಳಿಯುತ್ತೆ.