ಬಾಡುವ ಮುನ್ನ

ಹೂವಿನ ಹಡಗಲಿಗೆ ಆ ಹೆಸರು ಹೇಗೆ ಬಂದಿತೆಂದು ಕೇಳಿದರೆ ಆ ಸೀಮೆಯವರು ವಿಜಯನಗರದ ಕಾಲದ ಐತಿಹ್ಯವೊಂದನ್ನು ಹೇಳುತ್ತಾರೆ. ಅಲ್ಲಿ ಬೆಳೆದ ಹೂಗಳನ್ನು ತುಂಗಭದ್ರೆಯ ಮೇಲೆ ಹಡಗುಗಳಲ್ಲಿ ತುಂಬಿ ಹಂಪೆಯ ಪೂಜೆಗೆ ಕಳುಹಿಸುತ್ತಿದ್ದರಂತೆ. ಹಡಗುಗಳು ಮರೆಯಾಗಿ ಎಷ್ಟೋ ಕಾಲವಾಯಿತು. ಮಲ್ಲಿಗೆ ಮಾತ್ರ ಉಳಿದಿದೆ. ಮಲ್ಲಿಗೆಯ ವ್ಯಾಪಾರಿಯ ಚಿಂತೆಯೂ ಉಳಿದಿದೆ. ನಸುಕಿನಲ್ಲಿ ಬಿಡಿಸಿದ ಮೊಗ್ಗು ಪೇಟೆಯನ್ನು ಮುಟ್ಟುವ ಮುನ್ನ ಬಾಡಬಾರದು.

ಇದೇ ಚಿಂತೆ ಬೆಂಗಳೂರಿನಲ್ಲಿ ಸೀಸದ ಗೋಡೆಯ ಆಚೆಗೆ ನಿಂತು ಔಷಧ ತಯಾರಿಸುವ ರಸಾಯನಜ್ಞನಿಗೂ ಉಂಟೆಂದರೆ ವಾಚಕರು ನಂಬಲಾರರೇನೋ. ಅವನ ಸರಕು ಫ್ಲೋರಿನ್-18 ಎಂಬ ವಿಕಿರಣಪಟು ಪರಮಾಣು. ಅದರ ಅರ್ಧಾಯು ಸುಮಾರು 110 ನಿಮಿಷ. ಎಂದರೆ, ಈಗ ನೂರು ಪಾಲು ಇದ್ದುದು ಎರಡು ಗಂಟೆ ತುಂಬುವ ಮೊದಲೇ ಐವತ್ತಾಗುತ್ತದೆ. ಮತ್ತೆ ಅಷ್ಟೇ ಹೊತ್ತಿಗೆ ಇಪ್ಪತ್ತೈದು. ಮಲ್ಲಿಗೆಗೆ ನೀರು ಚಿಮುಕಿಸಿ ಒದ್ದೆ ಬಟ್ಟೆ ಸುತ್ತಬಹುದು. ಈ ಪರಮಾಣುವಿನ ಆಯುಷ್ಯವನ್ನು ಮಂಜುಗಡ್ಡೆಯಾಗಲಿ ಮಂತ್ರವಾಗಲಿ ಒಂದು ಕ್ಷಣವೂ ಹಿಗ್ಗಿಸಲಾರವು.

ಇಷ್ಟು ಅಲ್ಪಾಯುವಾದುದನ್ನು ಕಟ್ಟಿಕೊಂಡು ಹೆಣಗುವುದೇತಕ್ಕೆ? ದೇಹದೊಳಗಿನ ಗುಟ್ಟನ್ನು ಬಯಲುಮಾಡಬಲ್ಲ ಗೂಢಚಾರನು ಕೆಲಸ ಮುಗಿದೊಡನೆ ಮಾಯವಾಗಬೇಕಷ್ಟೆ. ಗೂಢಚಾರಿಕೆಯ ಈ ಉಪಾಯವನ್ನು ಮೊದಲು ಹೂಡಿದವನು ಹಂಗೆರಿಯ ಜಾರ್ಜ್ ಹೆವೆಶಿ. ಮ್ಯಾಂಚೆಸ್ಟರಿನ ಊಟದ ಮನೆಯೊಡತಿ ಉಳಿದ ಪದಾರ್ಥವನ್ನೇ ಮರಳಿ ಬಡಿಸುತ್ತಾಳೆಂಬ ಗುಮಾನಿಯಿಂದ, ತನ್ನ ತಟ್ಟೆಯ ಶೇಷದಲ್ಲಿ ಚಿಟಿಕೆಯಷ್ಟು ವಿಕಿರಣಪಟು ವಸ್ತುವನ್ನು ಬೆರೆಸಿ, ಕೆಲವು ದಿನಗಳ ಮೇಲೆ ಬಂದ ಭಕ್ಷ್ಯದಲ್ಲಿ ಅದನ್ನು ಪತ್ತೆಹಚ್ಚಿದನೆಂಬ ಕಥೆ ಪ್ರಸಿದ್ಧವಾಗಿದೆ. ಮನೆಯೊಡತಿ ಏನೆಂದಳೋ! ಹೆವೆಶಿಗಂತೂ 1943ರ ನೊಬೆಲ್ ಪಾರಿತೋಷಕ ದೊರೆಯಿತು.

ಇಂದಿನ ಪೆಟ್ ಸ್ಕ್ಯಾನಿನ ಗೂಢಚಾರ ಒಂದು ಬಗೆಯ ಸಕ್ಕರೆ. ಅರ್ಬುದದ ಜೀವಕೋಶಗಳಲ್ಲಿ ಬಹುಪಾಲು ಸಕ್ಕರೆಗೆ ಬಲು ಹಸಿದವು. ಗ್ಲೂಕೋಸಿನ ಅಣುವಿನಲ್ಲಿ ಆಮ್ಲಜನಕವಿರುವ ಒಂದು ನೆಲೆಗೆ ಫ್ಲೋರಿನ್-18 ಅನ್ನು ಕೂರಿಸಿದರೆ, ಕೋಶವು ಮೋಸಹೋಗಿ ಅದನ್ನು ಒಳಗೆ ಎಳೆದುಕೊಳ್ಳುತ್ತದೆ; ಆದರೆ ಪೂರ್ತಿ ಜೀರ್ಣಿಸಿಕೊಳ್ಳಲಾರದೆ ಅಲ್ಲಿಯೇ ಇಟ್ಟುಕೊಳ್ಳುತ್ತದೆ. ಅಲ್ಲಿಂದ ಹೊರಡುವ ಕಿರಣಗಳನ್ನು ಯಂತ್ರವು ಹಿಡಿದು, ರೋಗ ಎಲ್ಲೆಲ್ಲಿ ಹಬ್ಬಿದೆಯೆಂಬುದರ ಚಿತ್ರವನ್ನು ಬಿಡಿಸುತ್ತದೆ. ಈ ಸಕ್ಕರೆಗೆ ಎಫ್‌ಡಿಜಿ ಎಂದು ಹೆಸರು.

ಮಾತು ಸುಲಭ, ಕೂರಿಸುವುದು ಕಷ್ಟ. 1976ರ ಆಗಸ್ಟಿನಲ್ಲಿ ಮೊತ್ತಮೊದಲು ಮನುಷ್ಯನಿಗೆ ಎಫ್‌ಡಿಜಿ ಕೊಟ್ಟಾಗ, ಅದನ್ನು ತಯಾರಿಸಿದುದು ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಶಾಲೆಯಲ್ಲಿ. ಪರೀಕ್ಷೆ ನಡೆದುದು ಫಿಲಡೆಲ್ಫಿಯಾದಲ್ಲಿ. ನಡುವಿನ ದಾರಿಗೆ ವಿಮಾನವೇ ಬೇಕಾಯಿತು. ದಾರಿಗಿಂತ ಹೆಚ್ಚು ನಷ್ಟ ಪಾತ್ರೆಯಲ್ಲಿಯೇ ಆಗುತ್ತಿತ್ತೆಂಬುದು ಮುಖ್ಯ ಸಂಗತಿ. ಆಗ ಬಳಸುತ್ತಿದ್ದುದು ಫ್ಲೋರಿನ್ ಅನಿಲ. ಅದರ ಅಣುವಿನಲ್ಲಿ ಪರಮಾಣುಗಳು ಜೋಡಿಯಾಗಿರುತ್ತವೆ. ಸಕ್ಕರೆಗೆ ಅಂಟುವುದು ಒಂದು, ಜೊತೆಯದು ವ್ಯರ್ಥ. ತಯಾರಿಕೆಗೆ ಎರಡು ಗಂಟೆಯಷ್ಟು ಹಿಡಿಯುತ್ತಿತ್ತು. ಕೊನೆಗೆ ದಕ್ಕುತ್ತಿದ್ದುದು ಹತ್ತರಲ್ಲಿ ಒಂದು ಪಾಲಿಗಿಂತ ಕಡಿಮೆ.

ಈ ಗಂಟನ್ನು 1986ರಲ್ಲಿ ಬಿಡಿಸಿದವರು ಜರ್ಮನಿಯ ಯೂಲಿಷ್ ಎಂಬ ಊರಿನ ಹಾಮಾಖರ್, ಕೋನೆನ್ ಮತ್ತು ಸ್ಟೋಕ್ಲಿನ್ ಎಂಬ ಮೂವರು. ಸೈಕ್ಲೋಟ್ರಾನ್ ಯಂತ್ರದಲ್ಲಿ ಭಾರ ಆಮ್ಲಜನಕದ ನೀರಿಗೆ ಪ್ರೋಟಾನುಗಳನ್ನು ಬಡಿದರೆ ಫ್ಲೋರಿನ್-18 ಆ ನೀರಿನಲ್ಲಿಯೇ ಹುಟ್ಟುತ್ತದೆ. ಆದರೆ ನೀರಿನ ಕಣಗಳು ಅದನ್ನು ಸುತ್ತುಗಟ್ಟಿ ಬಿಗಿದಪ್ಪಿರುವ ತನಕ ಅದು ಇನ್ನಾವುದರೊಡನೆಯೂ ಸೇರಲೊಲ್ಲದು. ಇವರು ನೀರನ್ನೆಲ್ಲ ಆರಿಸಿ, ಕ್ರಿಪ್ಟೋಫಿಕ್ಸ್ ಎಂಬ ಪಂಜರದಂಥ ಅಣುವೊಂದನ್ನು ಬೆರೆಸಿದರು. ಫ್ಲೋರಿನ್ನಿಗೆ ಜೊತೆಯಾಗಿದ್ದ ಪೊಟ್ಯಾಸಿಯಂ ಆ ಪಂಜರದೊಳಗೆ ಸೆರೆಯಾಯಿತು. ಒಂಟಿಯಾಗಿ ಉಳಿದ ಫ್ಲೋರಿನ್ ಮ್ಯಾನೋಸ್ ಎಂಬ ಬೇರೊಂದು ಸಕ್ಕರೆಯ ಮೇಲೆ ಹಿಂಬದಿಯಿಂದ ಎರಗಿ, ಅಲ್ಲಿ ಸಡಿಲವಾಗಿ ಕುಳಿತಿದ್ದ ಗುಂಪೊಂದನ್ನು ಹೊರದೂಡಿ ತಾನು ನೆಲಸಿತು. ಆ ನೂಕಾಟದಲ್ಲಿ ಅಣುವಿನ ಆ ತುದಿ ಮಗುಚಿ, ಮ್ಯಾನೋಸ್ ಗ್ಲೂಕೋಸಿನ ರೂಪ ತಾಳಿತು! ಸುಮಾರು 50 ನಿಮಿಷಗಳಲ್ಲಿ ಕೆಲಸ ಮುಗಿದು, ಹತ್ತರಲ್ಲಿ ನಾಲ್ಕು ಪಾಲು ಕೈಗೆ ಬಂದಿತು. ಲೋಕದ ಆಸ್ಪತ್ರೆಗಳಿಗೆಲ್ಲ ಇಂದು ಇದೇ ದಾರಿ. ಯಂತ್ರಗಳೇ ಕಲಸಿ ಸೋಸುವುದರಿಂದ ಈಗ ಅರ್ಧ ಗಂಟೆಯಷ್ಟು ಸಾಕು.

ಇಲ್ಲಿ ಉಳಿಸಿದ ನಿಮಿಷವೆಂದರೆ ರಸ್ತೆಯ ಮೇಲೆ ಗಳಿಸಿದ ಮೈಲಿ. ಬೆಂಗಳೂರಿನಿಂದ ಹೊಸಪೇಟೆಗೆ ಐದೂವರೆ ಗಂಟೆಯ ದಾರಿಯೆಂದಿಟ್ಟುಕೊಂಡರೆ, ಹೊರಟ ಎಂಟು ಪಾಲಿನಲ್ಲಿ ಸೇರುವುದು ಒಂದೇ ಪಾಲು. ಹಳೆಯ ವಿಧಾನದ ಅಲ್ಪ ಗಳಿಕೆಯಲ್ಲಿ ಇಂಥ ಪಯಣದ ಮಾತೇ ಇರಲಿಲ್ಲ.

2021ರಿಂದ ವಿಜಯನಗರ ಜಿಲ್ಲೆಗೆ ಸೇರಿರುವ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳಲ್ಲಿ ಸೈಕ್ಲೋಟ್ರಾನ್ ಎಲ್ಲಿಯದು? ಕೋಟಿಗಟ್ಟಲೆ ಬೆಲೆಯ ಆ ಯಂತ್ರ ತಾಲ್ಲೂಕಿಗೊಂದು ಇರಲೆಂದು ಯಾರೂ ಕೇಳುವುದಿಲ್ಲ. ಪರಮಾಣು ರೋಗಿಯ ಬಳಿಗೆ ಬರಲಾರದಾದುದರಿಂದ ರೋಗಿಯೇ ಪರಮಾಣುವಿನ ಬಳಿಗೆ ಹೋಗಬೇಕು. ಕೊಟ್ಟೂರಿನ ಕಡೆಯ ರೈತನೊಬ್ಬ ಮಗನನ್ನು ಕರೆದುಕೊಂಡು ರಾತ್ರಿಯ ಬಸ್ಸಿನಲ್ಲಿ ಬೆಂಗಳೂರು ತಲುಪಿ, ಬೆಳಗಿನಿಂದ ಬರಿಯ ನೀರು ಕುಡಿದು ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತಿದ್ದಾನೆಂದು ಭಾವಿಸಿರಿ. ಆ ಮುಂಜಾನೆ ತಯಾರಾದ ದ್ರವದ ಪರಿಶುದ್ಧತೆಯನ್ನು ಪರೀಕ್ಷಿಸುತ್ತಾರೆ. ಕ್ರಿಪ್ಟೋಫಿಕ್ಸ್ ವಿಷವಾದುದರಿಂದ ಅದು ಉಳಿದಿಲ್ಲವೆಂದು ಖಚಿತವಾಗಬೇಕು. ಪರೀಕ್ಷೆಯಲ್ಲಿ ತೇರ್ಗಡೆಯಾಗದಿದ್ದರೆ ಅಷ್ಟನ್ನೂ ತೆಗೆದಿಡಬೇಕು. ಮತ್ತೊಮ್ಮೆ ತಯಾರಿಸುವ ತನಕ ಬೆಂಚಿನ ಮೇಲಿನವರಿಗೆ ಉಪವಾಸ, ಇಲ್ಲವೆ ನಾಳೆ ಬನ್ನಿರೆಂಬ ಉತ್ತರ. ರಸಾಯನ ಸುಧಾರಣೆಯೆಂಬುದು ಆ ರೈತನ ಪಾಲಿಗೆ ಒಂದು ದಿನದ ಛತ್ರದ ಬಾಡಿಗೆ.

ದೂರದ ಊರುಗಳ ಪಾಲಿಗೆ ಇದಕ್ಕಿಂತ ಉಪಕಾರಿ ಟೆಕ್ನೀಷಿಯಂ-99ಎಂ. ಇದರ ಅರ್ಧಾಯು ಕೇವಲ ಆರು ಗಂಟೆ. ಆದರೆ ಇದನ್ನು ಹೆರುವ ಮಾಲಿಬ್ಡಿನಂ-99ರದು 66 ಗಂಟೆ. ತಾಯಿಯನ್ನೇ ಸೀಸದ ಡಬ್ಬಿಯಲ್ಲಿಟ್ಟು ಊರೂರಿಗೆ ಕಳುಹಿಸಿದರೆ, ಆಸ್ಪತ್ರೆಯವರು ಪ್ರತಿ ಬೆಳಗ್ಗೆ ಉಪ್ಪುನೀರು ಹಾಯಿಸಿ ಮಗುವನ್ನು ಬಸಿದುಕೊಳ್ಳಬಹುದು. ಇದನ್ನು ಹಾಲು ಕರೆಯುವುದೆಂದೂ ಡಬ್ಬಿಯನ್ನು ಹಸುವೆಂದೂ ವಿಜ್ಞಾನಿಗಳೇ ಕರೆಯುತ್ತಾರೆ. ಗೋವನ್ನರಿತ ನಾಡಿಗೆ ಬೇರೆ ವಿವರಣೆ ಬೇಡ. ಕರೆದುದನ್ನು ಸಿದ್ಧವಾಗಿಟ್ಟ ಪುಡಿಯ ಸೀಸೆಗೆ ಹಾಕಿ ಕುಲುಕಿದರೆ, ಪುಡಿಗೆ ತಕ್ಕಂತೆ ಮೂಳೆಗೋ ಮೂತ್ರಪಿಂಡಕ್ಕೋ ಹೃದಯಕ್ಕೋ ಹೋಗುವ ಔಷಧ ಸಿದ್ಧ. ಆ ಪುಡಿಯಲ್ಲಿ ಕೆಲಸ ನಡೆಸುವುದು ತವರದ ಲವಣ. ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುವ ಅದೇ ತವರ!

ಚಿಕಿತ್ಸೆಯ ಪರಮಾಣುಗಳು ಇನ್ನಷ್ಟು ದೀರ್ಘಾಯುಗಳು. ಥೈರಾಯ್ಡಿಗೆ ಕೊಡುವ ಅಯೋಡಿನ್-131ಕ್ಕೆ ಎಂಟು ದಿನ. ಕೆಲವು ಅರ್ಬುದಗಳಿಗೆ ಕೊಡುವ ಲುಟೀಷಿಯಂ-177ಕ್ಕೆ ಆರೂವರೆ ದಿನಗಳಿಗಿಂತ ತುಸು ಹೆಚ್ಚು. ನಮ್ಮ ದೇಶದಲ್ಲಿ ಈ ಕಾರ್ಯಕ್ಕೆ ನೆಲೆಯಾದುದು ಟ್ರಾಂಬೆ. ಅಲ್ಲಿ 1956ರ ಆಗಸ್ಟಿನಲ್ಲಿ ಅಪ್ಸರಾ ರಿಯಾಕ್ಟರನ್ನು ಚಾಲನೆಗೆ ತಂದವರಲ್ಲಿ ತುಮಕೂರಿನಲ್ಲಿ ಹುಟ್ಟಿದ ರಾಜಾ ರಾಮಣ್ಣನವರೂ ಒಬ್ಬರು. ಲುಟೀಷಿಯಂ ಈಗ ಅಲ್ಲಿಯ ಧ್ರುವ ರಿಯಾಕ್ಟರಿನಲ್ಲಿ ಸಿದ್ಧವಾಗುತ್ತದೆ. ಇವು ದೂರ ಪ್ರಯಾಣವನ್ನು ತಾಳಬಲ್ಲವು. ತಡೆಯಿರುವುದು ರೋಗಿಯನ್ನು ಪ್ರತ್ಯೇಕವಾಗಿಡುವ ಕೋಣೆ, ಅವನ ಮಲಮೂತ್ರವನ್ನು ಕೂಡಿಡುವ ತೊಟ್ಟಿ, ಬಲ್ಲ ವೈದ್ಯರು, ಇವುಗಳ ಅಭಾವದಲ್ಲಿ. ಅದು ರಸಾಯನಜ್ಞನ ಕೈಮೀರಿದ ಮಾತು.

ಕೊಟ್ಟೂರಿನ ರೈತನಿಗೆ ಬೆಳಗ್ಗೆ ಹತ್ತಕ್ಕೆ ಸೂಜಿಮದ್ದಾಯಿತು. ಒಂದು ಗಂಟೆ ಮಾತಿಲ್ಲದೆ ಮಲಗಿದ್ದು, ಆಮೇಲೆ ಯಂತ್ರದೊಳಗೆ ಹೋಗಿಬಂದನು. ಕೆಲವು ಗಂಟೆಗಳ ಕಾಲ ಚಿಕ್ಕ ಮಕ್ಕಳನ್ನು ಎತ್ತಿಕೊಳ್ಳಬಾರದೆಂದು ಹೇಳಿ ಕಳುಹಿಸಿದರು. ಮಧ್ಯಾಹ್ನದ ಬಸ್ಸು ಹಿಡಿದು ರಾತ್ರಿ ಒಂಬತ್ತಕ್ಕೆ ಮನೆಯ ಮೆಟ್ಟಿಲು ಹತ್ತುವ ವೇಳೆಗೆ, ಮೈಯೊಳಗೆ ಹೊಕ್ಕ ಫ್ಲೋರಿನ್-18ರಲ್ಲಿ ಅರುವತ್ತನಾಲ್ಕು ಪಾಲಿಗೆ ಒಂದು ಪಾಲೂ ಉಳಿದಿರಲಿಲ್ಲ. ಮಿಕ್ಕುದೆಲ್ಲ ತಾನು ಹುಟ್ಟಿಬಂದ ಭಾರ ಆಮ್ಲಜನಕವಾಗಿಯೇ ತಿರುಗಿತ್ತು. ಬಾಗಿಲಲ್ಲಿ ನಿದ್ದೆಗಣ್ಣಿನಿಂದ ಕಾದಿದ್ದ ಮೊಮ್ಮಗಳು ಎರಡೂ ಕೈ ಚಾಚಿದಳು, ಅಜ್ಜನು ಎತ್ತಿಕೊಂಡನು.