ಹೆಸರ ಗೊತ್ತಿಲ್ಲದ ಗಿಡ ಕಡೀಬ್ಯಾಡ್ರಿ

ನಮ್ಮ ಕಡೆ ಹೊಲದಾಗಿನ ಗಿಡದ ಹಣೇಬರಹ ಎರಡ ಮಾತಿನ್ಯಾಗ ಮುಗೀತದ. "ಇದು ಏನ ಗಿಡ?" ಅಂತ ಒಬ್ಬರು ಕೇಳತಾರ. "ಯಾರಿಗೆ ಗೊತ್ತು, ಕಡದ ಒಗೀರಿ" ಅಂತ ಇನ್ನೊಬ್ಬರು ಅಂತಾರ. ಗೊತ್ತಿಲ್ಲದ್ದು ನಮ್ಮ ತಪ್ಪು, ಶಿಕ್ಷಾ ಮಾತ್ರ ಗಿಡಕ್ಕ. ಇದರ ಮ್ಯಾಲ ನಂದು ತಕರಾರು ಐತಿ. ಮನ್ಯಾಗ ಹೇಳಿ ಹೇಳಿ ಸಾಕಾಗೇತಿ, ಅದಕ್ಕ ಇವತ್ತ ಇಲ್ಲಿ ಬರೀಲಾಕತ್ತೀನಿ.

ಬಸವನ ಬಾಗೇವಾಡಿ ಕಡೆ ನಮ್ಮದು ಎರಿ ಹೊಲ. ಅಣ್ಣತಮ್ಮರ ವಾಟಣಿ ಆದ ಮ್ಯಾಲ ನಮ್ಮ ಪಾಲಿಗೂ ಮೈದುನನ ಪಾಲಿಗೂ ನಡಕಿನ ಒಡ್ಡಿನ ಮ್ಯಾಲ ಒಂದು ಗಿಡ ಉಳೀತು. ಮುಳವಾಡ ಏತ ನೀರಾವರಿ ಕಾಲುವಿ ನೀರು ಈ ಭಾಗಕ್ಕ ಬಂದಾಗಿಂದ ಎಲ್ಲಾರಿಗೂ ಹೊಲ ಸಪಾಟ ಮಾಡಿ ಕಬ್ಬು ಹಚ್ಚೂ ಆಸೆ. ನೀರು ಬಂದದ್ದು ಛಲೋನ ಆತು, ಬಿಂದಿಗಿ ಹೊತ್ತ ಸೊಂಟ ನಂದು, ನೀರಿನ ಕಿಮ್ಮತ್ತು ನನಗ ಯಾರೂ ಹೇಳೂದು ಬ್ಯಾಡ. ಆದ್ರ ನೀರಿನ ಹಿಂದ ಜೇಸಿಬಿನೂ ಬಂತು. ಒಡ್ಡಿನ ಮ್ಯಾಲಿನ ಬನ್ನಿ, ಜಾಲಿ, ಬೇವು ಎಲ್ಲಾ ಒಂದೊಂದ ಹೋದವು. ಹೋದ ವರ್ಷ ಯುಗಾದಿ ಮುಂದ ಮೈದುನ ಬಂದು, "ವೈನಿ, ಆ ಆನಿಕಾಲ ಗಿಡ ತಗಸತೀನಿ, ಅಣ್ಣಗ ಹೇಳ್ರಿ" ಅಂದ. "ಅದು ಯಾವ ಗಿಡ ಗೊತ್ತೇನ ತಮ್ಮಾ?" ಅಂದೆ. "ಯಾವದರ ಇರಲಿ, ಉಪಯೋಗ ಏನೈತಿ?" ಅಂದ.

ಆ ಗಿಡ ಹೆಂಗೈತಿ ಅಂತ ಮೊದಲ ಹೇಳತೀನಿ. ಬಡ್ಡಿಗೆ ಎತ್ತಿನ ಹಗ್ಗ ಸುತ್ತಿ ಅಳದ್ರ 27 ಫೂಟ ಬಂತು. ಅಷ್ಟ ದಪ್ಪ ಬಡ್ಡಿಗೆ ಎತ್ತರ ಕಮ್ಮಿ. ತೊಗಟಿ ಬೇವಿನ ಗಿಡದಂಗ ಸೀಳಿಲ್ಲ, ಜಾಲಿ ಗಿಡದಂಗ ಒರಟಿಲ್ಲ. ಬೂದಿ ಬಣ್ಣ, ಸ್ವಲ್ಪ ಕೆಂಪಿನ ಛಾಯಾ, ಕೈಯಾಡಿಸಿದ್ರ ನುಣುಪು. ಹೋಳಿಗಿ ಕಣಕ ನಾದಿ ಬಿಟ್ಟಾಗ ಹೆಂಗ ಇಳಿಬಿದ್ದು ಮಡಿಕಿ ಆಗತದ, ಹಂಗ ಮಡಿಕಿ ಮಡಿಕಿ ಆಗಿ ನೆಲಕ್ಕ ಇಳದೈತಿ. ಅದಕ್ಕ ಊರವರು ಆನಿಕಾಲ ಗಿಡ ಅಂತಾರ. ಯಾವಾಗೋ ಯಾರೋ ಕೊಡ್ಲಿ ಹಾಕಿದ ಜಾಗ ತಾನ ತುಂಬಿ ಹೊಸ ತೊಗಟಿ ಬಂದೈತಿ. ನಮ್ಮ ಅತ್ತಿಯವರು ಈ ಮನಿಗೆ ಸೊಸಿಯಾಗಿ ಬಂದಾಗೂ ಗಿಡ ಇಷ್ಟ ಇತ್ತಂತ.

ಗುರುತು ಹಿಡಿಯೂ ಕಥಿ ಕೇಳ್ರಿ. ಮಗ ಮೊಬೈಲಿನ್ಯಾಗ ತೊಗಟಿ ಫೋಟೋ ಹೊಡದ, ಅದು "ಬೂರಗ" ಅಂತು. ಬೂರಗದ ಬಡ್ಡಿಗೆ ಮುಳ್ಳಿರತಾವ, ಹೂವು ಕೆಂಪು, ಕಾಯಿ ಒಡದ್ರ ಅರಳಿ ಹಾರತದ. ಇದಕ್ಕ ಇವ್ಯಾವೂ ಇಲ್ಲ. ಕಟ್ಟಿಗಿ ವ್ಯಾಪಾರದವರು ಬಂದು ನೋಡಿ, "ಹುಣಸಿ ಜಾತಿ ಇರಬೇಕ್ರಿ, ಆದ್ರ ಸೌದಿಗೂ ಬರೂದಿಲ್ಲ" ಅಂದ್ರು. ಹುಣಸಿ ಎಲಿ ನೋಡದ ಹೆಣ್ಣಮಗಳು ನಮ್ಮ ಜಿಲ್ಲಾದಾಗ ಯಾರದಾರ? ಸಣ್ಣ ಸಣ್ಣ ಎಲಿ, ಕಡ್ಡಿಗೆ ಎರಡೂ ಮಗ್ಗಲಿಗೆ ಸಾಲಾಗಿ. ಈ ಗಿಡದ ಎಲಿ ಅಂಗೈ ತಗದಂಗ, ಒಂದ ತೊಟ್ಟಿಗೆ ಐದು ಬೆರಳು, ಕೆಲವಕ್ಕ ಏಳು. ಒಬ್ಬರು ಫೋಟೋ ನೋಡಿ ಹೇಳಿದ್ರು, ಇನ್ನೊಬ್ಬರು ರೊಕ್ಕ ನೋಡಿ ಹೇಳಿದ್ರು. ಗಿಡಾ ಯಾರೂ ನೋಡಲಿಲ್ಲ.

ಜ್ವಾಳ ಹಸನ ಮಾಡೂವಾಗ ನಾವು ಒಂದ ಕಾಳು ನೋಡಿ ಚೀಲ ಒಗೀತೀವೇನು? ಗಿಡಕ್ಕೂ ಹಂಗ. ತೊಗಟಿ ಒಂದ ಗುರುತಲ್ಲ. ಎಲಿ, ಹೂವು, ಕಾಯಿ ಮೂರೂ ಕೂಡಿ ಒಂದ ಮಾತು ಹೇಳಬೇಕು, ಅದಕ್ಕ ಒಂದ ವರ್ಷ ಬೇಕು. ನಾನು ಅದನ್ನ ಮಾಡಿದೆ. ಬ್ಯಾಸಿಗ್ಯಾಗ ಬೋಳು ಗಿಡ, ತೊಗಟಿ ಮ್ಯಾಲ ಉಗುರಿಲೆ ಸ್ವಲ್ಪ ಕೆರದ್ರ ಒಳಗ ಹಸರು. ಗಿಡ ಸತ್ತಿಲ್ಲ, ಎಲಿ ಇಲ್ಲದಾಗ ತೊಗಟೀಲೆ ಜೀವ ಹಿಡದೈತಿ. ಮಳಿ ಬಂದ ಕೂಡ್ಲೆ ಎಲಿ. ಆಮ್ಯಾಲ ಉದ್ದನ ತೊಟ್ಟಿಗೆ ಜೋತುಬಿದ್ದ ಬಿಳಿ ಹೂವು, ಹೊತ್ತು ಮುಳಗಿದ ಮ್ಯಾಲ ಅರಳತಾವ, ಮರುದಿನ ಬಾಡಿ ಉದುರತಾವ. ವಾಸನಿ ಛಲೋ ಇಲ್ಲ, ಆದ್ರ ಅದು ನಮಗ ಅಂತ ಇಟ್ಟ ವಾಸನಿ ಅಲ್ಲ, ಬಾವಲಿಗೆ ಇಟ್ಟದ್ದು. ರಾತ್ರಿ ಬಾವಲಿ ಬಂದು ಪರಾಗ ಒಯ್ಯತಾವ. ಕಡೀಕ ಕಾಯಿ. ಮ್ಯಾಲ ಮಖಮಲ್ಲಿನಂಥ ರೋಮ, ಗಟ್ಟಿ ಚಿಪ್ಪು, ಒಡದ್ರ ಒಳಗ ಸುಣ್ಣದ ಪುಡಿಯಂಥಾ ಬಿಳಿ ತಿರುಳು.

ಕಾಯಿ ಫೋಟೋ ಇಂಡಿ ಕಡೆ ಕೊಟ್ಟ ನಮ್ಮ ನಾದಿನಿಗೆ ಕಳಿಸಿದೆ. ಆಕಿ ಬೀಗರು ಸೊಲ್ಲಾಪುರದವರು. ಆ ಮನಿ ಅಜ್ಜಿ ನೋಡಿದಾಕಿನ "ಅಗಬಾಯಿ, ಗೋರಖ ಚಿಂಚ!" ಅಂದಳಂತ. ಅಷ್ಟ ನೋಡ್ರಿ. ಒಂದ ಹೆಸರ ಸಿಕ್ಕಿತು, ಬಾಗಲಾ ತೆರೀತು.

ಮರಾಠಿಯೊಳಗ ಗೋರಖ ಚಿಂಚ, ಹಿಂದಿಯೊಳಗ ಗೋರಖ ಇಮ್ಲಿ, ಕನ್ನಡದಾಗ ದೊಡ್ಡ ಹುಣಸಿ, ಆನಿ ಹುಣಸಿ. ಬಯೋಬಾಬ್ ಅಂದ್ರ ಜಗತ್ತಿಗೇ ಗೊತ್ತು. ಶಾಸ್ತ್ರದ ಹೆಸರು ಅಡಾನ್ಸೋನಿಯಾ ಡಿಜಿಟೇಟಾ. ಡಿಜಿಟೇಟಾ ಅಂದ್ರ ಬೆರಳಿನಂಗ ಎಲಿ ಇದ್ದದ್ದು. ಮೂಲ ಆಫ್ರಿಕಾ ಖಂಡ. ಹಾವೇರಿ ಜಿಲ್ಲಾದ ಸವಣೂರಿನ ದೊಡ್ಡಹುಣಸೆಮರ ಕಲ್ಮಠದಾಗ ಇಂಥವು ಮೂರು ಅದಾವ, ಮಠಕ್ಕ ಹೆಸರ ಬಂದದ್ದು ಗಿಡದಿಂದ. ನಮ್ಮ ವಿಜಯಪುರ ಶಹರದಾಗೂ ಇದ ಜಾತಿ ಹಳೇ ಗಿಡ ಅದಾವ. ಅಲ್ಲಿಂದ ಇಲ್ಲಿಗೆ ಹೆಂಗ ಬಂತು ಅಂತ ಆಶ್ಚರ್ಯ ಬ್ಯಾಡ. ಅರಬರ ಹಡಗು, ಆಫ್ರಿಕಾದ ಜನ ಶತಮಾನಗಟ್ಟಲೆ ನಮ್ಮ ದಂಡಿಗೆ ಬಂದಾರ. ಆದಿಲಶಾಹಿ ದರ್ಬಾರಿನ್ಯಾಗ ಹಬಶಿ ಸರದಾರರಿದ್ರು. ಮುಹಮ್ಮದ ಆದಿಲಶಾಹನ ವಜೀರ ಇಖ್ಲಾಸ ಖಾನ ಆಫ್ರಿಕಾ ಮೂಲದವ. ಗೋಳಗುಮ್ಮಟ ತೋರ್ಸಿ ಎದಿ ಉಬ್ಬಸೂ ನಾವು, ಅದ ಕಾಲದ ನಂಟು ಹೇಳೂ ಗಿಡಕ್ಕ ಜೇಸಿಬಿ ತರಸತೀವಿ.

ನನಗ ಎಲ್ಲಾಕ್ಕಿಂತ ಹೆಚ್ಚು ಖುಷಿ ಕೊಟ್ಟ ಸಂಗತಿ ಬ್ಯಾರೆ ಐತಿ. ಹೆಸರಿಗೆ ಹುಣಸಿ ಆದ್ರೂ ಇದು ಹುಣಸಿ ಬಳಗಲ್ಲ. ಬೆಂಡಿ, ದಾಸವಾಳ, ಹತ್ತಿ, ಮತ್ತ ನಮ್ಮ ಪುಂಡಿಪಲ್ಯ, ಆ ಮನಿತನದ್ದು ಇದು! ಬಿದ್ದ ಹೂವು ಎತ್ತಿ ನೋಡ್ರಿ, ದಾಸವಾಳದಂಗ ನಡಕ ಕೇಸರದ ಕೋಲು. ಪಶ್ಚಿಮ ಆಫ್ರಿಕಾದ ಹೆಣ್ಣಮಕ್ಕಳು ಇದರ ಎಲಿ ಒಣಗಿಸಿ ಪುಡಿ ಮಾಡಿ ಸಾರಿಗೆ ಹಾಕತಾರ, ನಾವು ಪುಂಡಿ ಕುದಸಿದಂಗ ಎಳೀ ಎಲಿ ಪಲ್ಯನೂ ಮಾಡತಾರ. ಸೆನೆಗಾಲಿನ್ಯಾಗ ತಿರುಳಿನ ಪಾನಕ ಮಾಡತಾರ. ಯುರೋಪಿನವರು 2008ರಾಗ ಈ ತಿರುಳು ತಿನ್ನಲಾಕ ಯೋಗ್ಯ ಅಂತ ಪರವಾನಿಗಿ ಕೊಟ್ಟು, ಈಗ ಡಬ್ಬಿ ಕಟ್ಟಿ ಮಾರತಾರ. "ಉಪಯೋಗ ಏನೈತಿ" ಅಂದ ಮೈದುನಗ ಇದು ನನ್ನ ಉತ್ತರ. ಆದ್ರ ಒಂದ ಎಚ್ಚರಿಕಿ: ಪೂರಾ ಗುರುತು ಹತ್ತೂತನಕ ಯಾವ ಗಿಡದ್ದೂ ಬಾಯಿಗೆ ಹಾಕ್ಕೋಬ್ಯಾಡ್ರಿ.

ಈಗ ಎದರಿನವರ ವಾದ. ಮೊದಲನೇದು, ಸೌದಿಗೆ ಬರೂದಿಲ್ಲ. ಖರೆ. ಒಳಗಿನ ಕಟ್ಟಿಗಿ ಮೆತ್ತಗ, ನೀರು ಹಿಡದ ಬುರುಗಿನಂಗ. ಒಣಾ ದೇಶದಾಗ ನೀರು ಕೂಡಿಟ್ಟು ಬದುಕೂ ಗಿಡ ಅದು. ಹಂಗಂತನ ನಾ ಕೇಳತೀನಿ, ಕಡದ್ರ ಬರೂ ಲಾಭ ಏನು? ಜೇಸಿಬಿ ಬಾಡಿಗಿನೂ ಹುಟ್ಟೂದಿಲ್ಲ.

ಎರಡನೇದು, ನೆಳ್ಳಿಗೆ ಪೀಕು ಬರೂದಿಲ್ಲ, ಜಾಗಾ ಹೋಗತದ. ಇದರಾಗ ಅರ್ಥ ಐತಿ, ನಾ ಇಲ್ಲ ಅನ್ನೂದಿಲ್ಲ. ಲೆಕ್ಕ ಹಾಕೂಣು. ಟೊಂಗಿ ಹರವು 40 ಫೂಟ. ಅದರ ನೆಳ್ಳು 1,250 ಚದರ ಫೂಟ ಆಸುಪಾಸು. ಒಂದ ಗುಂಟೆ ಅಂದ್ರ 1,089 ಚದರ ಫೂಟ. ಎಕರೆಕ್ಕ 40 ಗುಂಟೆ, ಅದರಾಗ ಒಂದಕ್ಕಿಂತ ಚೂರು ಹೆಚ್ಚು. ಅದೂ ಅರ್ಧ ಅವರ ಕಡೆ, ಅರ್ಧ ನಮ್ಮ ಕಡೆ. ಮತ್ತ ನಮ್ಮ ಹಿಂಗಾರಿ ಬಿಳಿಜ್ವಾಳ, ಕಡ್ಲಿ ಹಾಲು ತುಂಬೂ ಚಳಿಗಾಲದಾಗ ಈ ಗಿಡ ಎಲಿ ಉದುರಿಸಿ ನಿಂತಿರತದ. ವರ್ಷಪೂರ್ತಿ ಕಬ್ಬು ನಿಲ್ಲಸತೀನಿ ಅಂದವರಿಗೆ ನಷ್ಟ ಆಗತದ, ಒಪ್ಪತೀನಿ. ಆ ಅರ್ಧ ಗುಂಟೆ ಕಬ್ಬಿನ ರೊಕ್ಕ ವರ್ಷಾ ವರ್ಷಾ ನಾ ಕೊಡತೀನಿ ಅಂತ ಮೈದುನಗ ಹೇಳೀನಿ. ಹಾಲು ಮಾರಿದ ರೊಕ್ಕ ನನ್ನ ಕೈಯಾಗ ಐತಿ, ಇದು ಬಾಯಿಮಾತಲ್ಲ.

ಇನ್ನ ಇನ್ನೊಂದ ಬಗಿ ಜನ. ಕಡಿಯವರ ಮ್ಯಾಲ ಇದ್ದಷ್ಟ ಸಿಟ್ಟು ಇವರ ಮ್ಯಾಲೂ ಐತಿ. ಅಪರೂಪದ್ದು ಅಂತ ಗೊತ್ತಾದ ಕೂಡ್ಲೆ ಬಡ್ಡಿಗೆ ಮಳಿ ಬಡದು ತೊಟ್ಟಿಲು ಕಟ್ಟಿದ್ರು, ಮೊಣಕಾಲ ನೋವಿಗೆ ಅಂತ ಚಕ್ಕಿ ಕೆತ್ತಿ ಒಯ್ದ್ರು, ಹುಡುಗರು ಬ್ಲೇಡಿಲೆ ಹೆಸರು ಕೊರದ್ರು. ಒಬ್ಬರು ಐದು ಸಾವಿರ ವರ್ಷದ್ದು ಅಂತಾರ, ಇನ್ನೊಬ್ಬರು ದೇವರು ನೆಟ್ಟದ್ದು ಅಂತಾರ. ಈ ಗಿಡದ ಬಡ್ಡಿ ಒಳಗ ಪೊಳ್ಳಾಗತದ, ಸುತ್ತು ಎಣಿಸಿ ವಯಸ್ಸು ಹೇಳಲಾಕ ಬರೂದಿಲ್ಲ, ಅದಕ್ಕ ಇಂಗಾಲದ ಪರೀಕ್ಷಾನ ಆಗಬೇಕು. ಕೈ ಮುಗೀರಿ, ಯಾರ ಬ್ಯಾಡಂದಾರ? ಮಳಿ ಬಡೀಬ್ಯಾಡ್ರಿ ಅಷ್ಟ. ಕಡಿಯವರೂ ಗಿಡಾ ನೋಡಲಿಲ್ಲ, ಪೂಜಿ ಮಾಡವರೂ ನೋಡಲಿಲ್ಲ. ತೊಗಟಿ ತುಂಬಿಕೊಳ್ಳತದ ಅಂದ್ರ ಗಿಡಕ್ಕ ನೋವಿಲ್ಲ ಅಂತಲ್ಲ. 2018ರಾಗ ವಿಜ್ಞಾನಿಗಳು ಬರದಾರ: ಆಫ್ರಿಕಾದ ಅತೀ ಹಳೇ 13 ಬಯೋಬಾಬಿನ್ಯಾಗ 9, 2005ರ ಈಚೆಗೆ ಒಂದೋ ಸತ್ತಾವ, ಇಲ್ಲಾ ಅವುಗಳ ಹಳೇ ಭಾಗ ಕುಸದಾವ. ಸವಣೂರಿನ ಮೂರರಾಗೂ ಒಂದು 2023ರ ಮಳಿಗಾಲದಾಗ ಬುಡಸಹಿತ ಬಿತ್ತು. ಜನ ಕೂಡಿ ಅದನ್ನ ಎತ್ತಿ ಮತ್ತ ನೆಟ್ಟರು. ಬಿದ್ದ ಗಿಡಕ್ಕ ಅಷ್ಟ ಮಾಡೂ ಜನ, ನಿಂತ ಗಿಡಕ್ಕ ಒಂದ ವರ್ಷ ಪುರಸೊತ್ತು ಕೊಡಬಾರದೇನು?

ಕಾಯ್ದೆನೂ ಐತಿ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಪ್ರಕಾರ, ಬಿಟ್ಟ ಕೆಲವು ಜಾತಿ ಹೊರತು, ಸ್ವಂತ ಹೊಲದಾಗಿನ ಗಿಡ ಕಡೀಲಾಕೂ ಅರಣ್ಯ ಇಲಾಖೆ ಪರವಾನಿಗಿ ಬೇಕು. 2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಪಂಚಾಯತಿಗೊಂದು ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನ ಗಿಡಗಂಟಿ ದಾಖಲಾತಿ ಬರದಿಡಬೇಕು. ಅದ ಕಾಯ್ದೆ ಹಿಡದು ದೇವನಹಳ್ಳಿ ಹತ್ತರ ನಲ್ಲೂರಿನ ಹುಣಸಿ ತೋಪು 2007ರಾಗ ದೇಶದ ಮೊದಲನೇ ಜೀವವೈವಿಧ್ಯ ಪಾರಂಪರಿಕ ತಾಣ ಆತು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ನಾಕೂ ತಾಲೂಕಿನ ಅಕ್ಕತಂಗ್ಯಾರಿಗೆ ನನ್ನ ಮಾತು ಇಷ್ಟ: ನಿಮ್ಮ ಒಡ್ಡಿನ ಮ್ಯಾಲ ಹೆಸರ ಗೊತ್ತಿಲ್ಲದ ಗಿಡ ಇದ್ರ ಎಲಿ, ಹೂವು, ಕಾಯಿ ಒಂದ ವರ್ಷ ನೋಡ್ರಿ. ಹಿರೇರನ್ನ, ಕುರಿ ಕಾಯವರನ್ನ, ಕಾಲೇಜಿನ್ಯಾಗ ಸಸ್ಯಶಾಸ್ತ್ರ ಕಲಸವರನ್ನ ಕೇಳ್ರಿ. ಆಮ್ಯಾಲ ಪಂಚಾಯತಿಗೆ ಹೋಗಿ ಗ್ರಾಮದ ದಾಖಲಾತಿಯೊಳಗ ಬರಸ್ರಿ. ಹೊಲದ ಉತಾರಿನ್ಯಾಗ ನಮ್ಮ ಹೆಸರ ಇರೂದಿಲ್ಲ ಅಂತ ಸುಮ್ಮನ ಕೂಡಬ್ಯಾಡ್ರಿ. ಹೊಲದಾಗ ಕಸಾ ತಗದವರು, ಬುತ್ತಿ ಹೊತ್ತವರು ನಾವು.

ಮೈದುನ ಇನ್ನೂ ಪೂರಾ ಒಪ್ಪಿಲ್ಲ. "ಈ ವರ್ಷ ಇರಲಿ ವೈನಿ, ಮುಂದಿನ ವರ್ಷ ನೋಡೂಣು" ಅಂದಾನ. ಆದ್ರ ಮೊನ್ನೆ ಹುಣ್ಣಿವಿ ರಾತ್ರಿ ನೀರು ಹಾಯಸ್ಲಾಕ ಹೋದಾಂವ ಬಾವಲಿ ಬಂದದ್ದು ನೋಡಿ ಫೋನ್ ಮಾಡಿದ್ದ. ಯಾವ ಗಿಡ ಅಂತ ಜತೀಗೆ ಹೋದವರು ಕೇಳಿದ್ರ, ಆನಿಕಾಲ ಗಿಡ ಅನ್ನಲಿಲ್ಲಂತ. ದೊಡ್ಡ ಹುಣಸಿ ಅಂದನಂತ.