ಎಚ್ಚರಿಕೆ ಫಲಕವಲ್ಲ, ಎಚ್ಚರದ ವಿನ್ಯಾಸ ಬೇಕು

2021ರ ಮೇ 2ರ ರಾತ್ರಿಯನ್ನು ಚಾಮರಾಜನಗರ ಜಿಲ್ಲೆಯ ಜನ ಮರೆಯಲಾರರು. ಕೋವಿಡ್ ಎರಡನೇ ಅಲೆಯ ಆ ದಿನಗಳಲ್ಲಿ ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕುಗಳ ಜನರಿಗೂ ದೊಡ್ಡ ಆಸರೆಯಾಗಿದ್ದದ್ದು ಚಾಮರಾಜನಗರದ ಜಿಲ್ಲಾ ಆಸ್ಪತ್ರೆ. ಅಲ್ಲಿ ಆಮ್ಲಜನಕದ ಕೊರತೆ ಉಂಟಾಯಿತು. ಮರುದಿನದ ಹೊತ್ತಿಗೆ 24 ರೋಗಿಗಳು ಮೃತಪಟ್ಟ ಸುದ್ದಿ ಬಂತು. ಮೈಸೂರಿನಿಂದ ಸಿಲಿಂಡರ್ ಬರುವುದು ತಡವಾಗಲು ಯಾರು ಕಾರಣ ಎಂಬ ವಾಗ್ವಾದ ಎರಡು ಜಿಲ್ಲೆಗಳ ನಡುವೆ ನಡೆಯಿತು. ನಿವೃತ್ತ ನ್ಯಾಯಮೂರ್ತಿ ಎ.ಎನ್. ವೇಣುಗೋಪಾಲ ಗೌಡ ಅವರ ನೇತೃತ್ವದಲ್ಲಿ ಹೈಕೋರ್ಟ್ ನೇಮಿಸಿದ ಸಮಿತಿ ವಿಚಾರಣೆ ನಡೆಸಿತು.

ತಪ್ಪಿತಸ್ಥರು ಯಾರು ಎಂದು ಕೇಳುವುದು ನ್ಯಾಯವೇ. ಆದರೆ ಎಂಜಿನಿಯರಿಂಗ್, ಡಿಪ್ಲೊಮಾ, ಐಟಿಐ ಓದುತ್ತಿರುವ, ಓದಿ ಕೆಲಸ ಹುಡುಕುತ್ತಿರುವ ನಾವು ಇನ್ನೊಂದು ಪ್ರಶ್ನೆಯನ್ನೂ ಕೇಳಬೇಕು. ಬೇರೊಂದು ಊರಿನಿಂದ ಬರುವ ಸಿಲಿಂಡರ್ ತಡವಾದರೆ ಜೀವವೇ ಹೋಗುವಂಥ ವ್ಯವಸ್ಥೆಯನ್ನು ನಾವು ಒಪ್ಪಿಕೊಂಡಿದ್ದಾದರೂ ಏಕೆ?

ಆಸ್ಪತ್ರೆಗಳ ಅನಿಲ ಕೊಳವೆ ವ್ಯವಸ್ಥೆಗೆ ಐಎಸ್‌ಒ 7396-1 ಎಂಬ ಅಂತರರಾಷ್ಟ್ರೀಯ ಮಾನದಂಡವಿದೆ. ಆಮ್ಲಜನಕಕ್ಕೆ ಕನಿಷ್ಠ ಮೂರು ಸ್ವತಂತ್ರ ಮೂಲಗಳಿರಬೇಕು ಎನ್ನುತ್ತದೆ ಅದು: ಒಂದು ಮುಖ್ಯ, ಒಂದು ಬದಲಿ, ಒಂದು ಮೀಸಲು. ಒತ್ತಡ ಕುಸಿದರೆ ಎಚ್ಚರಿಸುವ ಅಲಾರಂ ಕೂಡ ಬೇಕು. ಇಲ್ಲಿ ಗಮನಿಸಬೇಕಾದ ಪದ ‘ಮೂರು’ ಅಲ್ಲ, ‘ಸ್ವತಂತ್ರ’. ದ್ರವ ಆಮ್ಲಜನಕದ ಟ್ಯಾಂಕರ್, ಸಿಲಿಂಡರ್, ಮೀಸಲು ಸಿಲಿಂಡರ್ ಮೂರೂ ಒಂದೇ ಊರಿನಿಂದ ಒಂದೇ ರಸ್ತೆಯಲ್ಲಿ ಬರುವುದಾದರೆ ಕಾಗದದ ಮೇಲೆ ಮೂರು, ನಿಜದಲ್ಲಿ ಒಂದೇ. ಗಾಳಿಯಿಂದಲೇ ಆಮ್ಲಜನಕವನ್ನು ಬೇರ್ಪಡಿಸುವ ಘಟಕವೊಂದು ಆಸ್ಪತ್ರೆಯ ಆವರಣದಲ್ಲೇ ಇದ್ದರೆ ಲೆಕ್ಕ ಬದಲಾಗುತ್ತದೆ. ಆದರೆ ಆ ಘಟಕಕ್ಕೆ ವಿದ್ಯುತ್ ಬೇಕು, ಜನರೇಟರ್ ಬೇಕು, ಜನರೇಟರಿಗೆ ಡೀಸೆಲ್ ಬೇಕು. ಹೀಗೆ ಸರಪಳಿಯ ಕೊಂಡಿಗಳನ್ನು ಒಂದೊಂದಾಗಿ ಎಣಿಸುತ್ತಾ, ‘ಇದು ಕೈಕೊಟ್ಟರೆ?’ ಎಂದು ಕೇಳುತ್ತಾ ಹೋಗುವುದೇ ಸುರಕ್ಷತೆಯ ವಿನ್ಯಾಸ.

ಇದು ದೊಡ್ಡ ಕಾರ್ಖಾನೆಗಳ ವಿದ್ಯೆ ಎಂದುಕೊಳ್ಳಬೇಕಿಲ್ಲ. ನಮ್ಮ ಸುತ್ತಲೇ ಉದಾಹರಣೆಗಳಿವೆ. ರೇಷ್ಮೆಗೆ ಹೆಸರಾದ ಕೊಳ್ಳೇಗಾಲದ ಸೀಮೆಗೆ ನೂಲು ಬಿಚ್ಚುವ ಕೆಲಸ ಹೊಸದಲ್ಲ. ಹಳೆಯ ಚರಕದಲ್ಲಿ ಗೂಡು ಬೇಯುವುದೂ ನೂಲು ತೆಗೆಯುವುದೂ ಒಂದೇ ಪಾತ್ರೆಯಲ್ಲಿ. ಕುದಿಯುವಂಥ ನೀರಿನ ಬಳಿಯೇ ಕೈಯಾಡಬೇಕು. ಕಾಟೇಜ್ ಬೇಸಿನ್ ಬಂದಾಗ ಬೇಯಿಸುವುದು ಬೇರೆಯಾಯಿತು, ನೂಲು ತೆಗೆಯುವ ತೊಟ್ಟಿಯ ನೀರಿನ ಬಿಸಿ ಕಡಿಮೆಯಾಯಿತು. ‘ಕೈ ಸುಟ್ಟುಕೊಳ್ಳಬೇಡಿ’ ಎಂದು ಬೋರ್ಡ್ ಹಾಕುವುದಕ್ಕೂ ಕೈ ಸುಡುವ ಸಂದರ್ಭವನ್ನೇ ತಗ್ಗಿಸುವುದಕ್ಕೂ ಇರುವ ವ್ಯತ್ಯಾಸ ಇದು.

ಹನೂರು, ಯಳಂದೂರಿನ ಕಾಡಂಚಿಗೆ ಬನ್ನಿ. ಆನೆ, ಹಂದಿಗಳಿಂದ ಬೆಳೆ ಉಳಿಸಿಕೊಳ್ಳಲು ರೈತ ತಂತಿ ಬೇಲಿ ಹಾಕುತ್ತಾನೆ. ಅದಕ್ಕೆ ಪಂಪ್‌ಸೆಟ್ಟಿನ ಲೈನಿನಿಂದ ನೇರ ವಿದ್ಯುತ್ ಹರಿಸಿದರೆ ಆನೆಯೂ ಸಾಯಬಹುದು, ಬೆಳಗ್ಗೆ ನೀರು ಹಾಯಿಸಲು ಹೋದ ಮನೆಯವರೂ ಸಾಯಬಹುದು. ಅದು ಕಾನೂನುಬಾಹಿರ ಕೂಡ. ಅದೇ ತಂತಿಗೆ ಸರಿಯಾದ ಸೋಲಾರ್ ಬೇಲಿಯ ಯಂತ್ರ ಜೋಡಿಸಿದರೆ, ಅದು ಕ್ಷಣದ ಸಣ್ಣ ಅಂಶದಷ್ಟು ಕಾಲ ಮಾತ್ರ ಮಿಡಿಯುವ ವಿದ್ಯುತ್ ಕೊಡುತ್ತದೆ. ಹೊಡೆತ ಬೀಳುತ್ತದೆ, ಆದರೆ ಪ್ರಾಣ ತೆಗೆಯದಂತೆ ಶಕ್ತಿಯನ್ನು ಮೊದಲೇ ಮಿತಿಗೊಳಿಸಲಾಗಿರುತ್ತದೆ. ತಂತಿ ಅದೇ, ಉದ್ದೇಶ ಅದೇ. ವಿನ್ಯಾಸ ಮಾತ್ರ ಬೇರೆ.

ರಾಸಾಯನಿಕ ಕಾರ್ಖಾನೆಗಳಲ್ಲಿ ಇದೇ ತತ್ವವನ್ನು ನಾಲ್ಕು ಮಾತಿನಲ್ಲಿ ಕಲಿಸುತ್ತಾರೆ: ಅಪಾಯಕಾರಿ ವಸ್ತುವಿನ ಪ್ರಮಾಣ ಕಡಿಮೆ ಮಾಡು, ಸಾಧ್ಯವಾದರೆ ಬೇರೆ ವಸ್ತು ಬಳಸು, ಬಿಸಿ ಮತ್ತು ಒತ್ತಡ ತಗ್ಗಿಸು, ವ್ಯವಸ್ಥೆಯನ್ನು ಸರಳವಾಗಿಡು. ಇದನ್ನು ಕಡೆಗಣಿಸಿದರೆ ಏನಾಗುತ್ತದೆ ಎಂಬುದಕ್ಕೆ 1984ರ ಡಿಸೆಂಬರ್‌ನ ಭೋಪಾಲ್ ಸಾಕ್ಷಿ. ಕೀಟನಾಶಕ ತಯಾರಿಕೆಯ ನಡುವಿನ ಹಂತದಲ್ಲಿ ಮಾತ್ರ ಬೇಕಾಗಿದ್ದ ಮೀಥೈಲ್ ಐಸೊಸಯನೇಟನ್ನು ಅಲ್ಲಿ ಟನ್‌ಗಟ್ಟಲೆ ಕೂಡಿಡಲಾಗಿತ್ತು. ಅದನ್ನು ತಂಪಾಗಿಡುವ ಯಂತ್ರ ನಿಂತಿತ್ತು. ಸೋರಿದ ಅನಿಲವನ್ನು ಸುಡಬೇಕಿದ್ದ ಗೋಪುರದ ಕೊಳವೆ ದುರಸ್ತಿಗೆಂದು ಕಳಚಿತ್ತು. ಕಾವಲುಗಳನ್ನು ಒಂದರ ಮೇಲೊಂದು ಇಟ್ಟಿದ್ದರೂ ಬೇಕಾದ ರಾತ್ರಿ ಯಾವುದೂ ಕಾಯಲಿಲ್ಲ. ಅಷ್ಟು ವಿಷವನ್ನು ಕೂಡಿಡದೇ ಇದ್ದಿದ್ದರೆ ಅಷ್ಟು ಸಾವೂ ಇರುತ್ತಿರಲಿಲ್ಲ.

‘ವಿನ್ಯಾಸಕ್ಕೆ ಹಣ ಬೇಕು, ಬಡ ಜಿಲ್ಲೆಗೆ ಇದೆಲ್ಲ ಎಲ್ಲಿ ಸಾಧ್ಯ?’ ಎನ್ನುವವರಿದ್ದಾರೆ. ಹಣ ಬೇಕು, ನಿಜ. ಆದರೆ ಕಟ್ಟುವ ಮೊದಲು ನಕ್ಷೆಯ ಮೇಲೆ ಗೆರೆ ಬದಲಿಸುವುದು ಅಗ್ಗ; ಕಟ್ಟಿದ ಮೇಲೆ ಗೋಡೆ ಒಡೆಯುವುದು ದುಬಾರಿ. ಜೀವ ಹೋದ ಮೇಲೆ ಕೊಡುವ ಪರಿಹಾರವಂತೂ ಯಾವ ಲೆಕ್ಕಕ್ಕೂ ಸಿಗದು. ತರಬೇತಿ, ಹೆಲ್ಮೆಟ್, ಗ್ಲೌಸ್ ಬೇಡವೆಂದು ಯಾರೂ ಹೇಳುತ್ತಿಲ್ಲ. ಆದರೆ ಅವು ಕೊನೆಯ ಕಾವಲು. ಪಾಳಿ ಮುಗಿಯುವ ಹೊತ್ತಿಗೆ ದಣಿದ ಕಾರ್ಮಿಕ, ರಾತ್ರಿಯಿಡೀ ನಿದ್ದೆಗೆಟ್ಟ ನರ್ಸ್ ತಪ್ಪು ಮಾಡದೇ ಇರಲಿ ಎಂದು ಆಶಿಸುವುದು ಯೋಜನೆಯಲ್ಲ. ಅವರು ತಪ್ಪು ಮಾಡಿದರೂ ಅನಾಹುತ ಆಗದಂತೆ ಕಟ್ಟುವುದು ಯೋಜನೆ.

ನಮ್ಮಲ್ಲಿ ಹಲವರು ನಾಳೆ ಬದನಗುಪ್ಪೆಯ, ನಂಜನಗೂಡಿನ, ಹೊಸೂರಿನ ಕಾರ್ಖಾನೆಗಳ ಬಾಗಿಲು ತಟ್ಟುವವರು. ಸಂದರ್ಶನಕ್ಕೆ ಸೂತ್ರಗಳನ್ನು ಉರು ಹೊಡೆಯುತ್ತೇವೆ. ಅದರ ಜೊತೆಗೆ ಕಾಲೇಜಿನ ಅಂತಿಮ ವರ್ಷದ ಪ್ರಾಜೆಕ್ಟಿನಲ್ಲೇ ಮೂರು ಪ್ರಶ್ನೆಗಳನ್ನು ಅಭ್ಯಾಸ ಮಾಡಿಕೊಳ್ಳೋಣ. ಕರೆಂಟ್ ಹೋದರೆ ಈ ಯಂತ್ರ ಯಾವ ಸ್ಥಿತಿಯಲ್ಲಿ ನಿಲ್ಲುತ್ತದೆ? ಇದರ ಒಂದೇ ಒಂದು ಭಾಗ ಕೆಟ್ಟರೆ ಯಾರಿಗೆ ಪೆಟ್ಟು? ಈ ಅಪಾಯವನ್ನು ಕಾಯುವ ಬದಲು ಇಲ್ಲದಂತೆಯೇ ಮಾಡಬಹುದೇ? ಉತ್ತರ ಬರೆದಿಡೋಣ, ಮೇಷ್ಟ್ರು ಕೇಳದಿದ್ದರೂ ಹೇಳೋಣ.

ಜಿಲ್ಲಾ ಆಸ್ಪತ್ರೆಯಲ್ಲಿ ಆ ರಾತ್ರಿ ಉಸಿರಿಗಾಗಿ ಒದ್ದಾಡಿದವರು ನಮ್ಮ ಜಿಲ್ಲೆಯವರೇ. ಅವರಿಗೆ ನಾವು ಸಲ್ಲಿಸಬಹುದಾದ ಗೌರವವೆಂದರೆ, ನಾಳೆ ನಮ್ಮ ಕೈಗೆ ಬರುವ ಪ್ರತಿ ನಕ್ಷೆಯಲ್ಲೂ ಎರಡನೆಯ ದಾರಿಯೊಂದನ್ನು ಬರೆದಿಡುವುದು.